ಬೈದರೆ ಬಿಟ್ಟು ಹೋಗುತ್ತಾರೆ, ಸುಮ್ಮನಿದ್ದರೆ ಕೆಲಸ ಆಗುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ನನಗೆ 54 ವರ್ಷ. ಶಿವಮೊಗ್ಗದಲ್ಲಿ ಸಣ್ಣ ಮಷಿನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ, ಎರಕ ಹೊಯ್ದ ಲೋಹದ ಭಾಗಗಳಾದ ಕ್ಯಾಸ್ಟಿಂಗ್‌ಗಳನ್ನು ಬೇಕಾದ ಅಳತೆಗೆ ಮಷಿನಿಂಗ್ ಮಾಡಿ ಕೊಡುತ್ತೇವೆ. ಎರಡು ಶಿಫ್ಟ್, 23 ಜನ. ಅದರಲ್ಲಿ 15 ಜನ 26 ವರ್ಷದ ಒಳಗಿನವರು. ಐಟಿಐ, ಡಿಪ್ಲೊಮಾ ಮುಗಿಸಿ ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಬಂದವರು. ಕಳೆದ ಒಂದು ವರ್ಷದಲ್ಲಿ ಏಳು ಹುಡುಗರು ಬಿಟ್ಟರು, ಐವರು ಮೂರು ತಿಂಗಳೂ ತುಂಬಿಸಲಿಲ್ಲ. ರಜೆ ಬೇಕಾದರೆ ಬೆಳಗ್ಗೆ ಆರಕ್ಕೆ ವಾಟ್ಸಾಪ್ ಮೆಸೇಜ್. ಏನು ಹೇಳಿದರೂ "ಯಾಕೆ ಸಾರ್?" ಕೈಯಲ್ಲಿ ಯಾವಾಗಲೂ ಫೋನ್. ಒಬ್ಬ ಮಷಿನ್ ಮುಂದೆಯೇ ರೀಲ್ಸ್ ಮಾಡಿದ. ನಾನಿದ್ದರೆ ಎಲ್ಲ ಸರಿ ಇರುತ್ತದೆ, ಎರಡನೇ ಶಿಫ್ಟ್‌ನಲ್ಲಿ ರಿಜೆಕ್ಷನ್, ಅಂದರೆ ಕೆಟ್ಟು ಹೋಗುವ ಪೀಸ್, ಜಾಸ್ತಿ. ನಮ್ಮ ಫೋರ್‌ಮನ್ ಶಾಪ್ ಶುರುವಾದಾಗಿನಿಂದ ಇದ್ದಾರೆ. ಕೆಲಸ ಬಂಗಾರ, ಬಾಯಿ ಜೋರು. ನಾವೆಲ್ಲ ಹೊಡೆಸಿಕೊಂಡೇ ಕಲಿತವರು, ಓಡಿ ಹೋಗಲಿಲ್ಲ. ಒಬ್ಬ ಹುಡುಗ ಮಾತ್ರ ನಾಲ್ಕು ವರ್ಷದಿಂದ ನಿಂತಿದ್ದಾನೆ, ಪರವಾಗಿಲ್ಲ. ಈ ಕಾಲದ ಹುಡುಗರ ಹತ್ತಿರ ಬಿಗಿಯಾಗಿ ಇರಬೇಕಾ, ಸಲುಗೆಯಿಂದ ಇರಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ದಿನಾ ಕೇಳುವ ದೂರೇ ಅನ್ನಿಸಿತು. ಎರಡನೇ ಸಲ, ನೀವು ಹೋಗ್ತಾ ಹೋಗ್ತಾ ಬರೆದುಬಿಟ್ಟ ಮೂರು ಮಾತು ಕಣ್ಣಿಗೆ ಬಿದ್ದವು. ಬಿಟ್ಟ ಏಳು ಜನರಲ್ಲಿ ಐವರು ಮೂರು ತಿಂಗಳೊಳಗೇ ಹೋದರು. ನೀವಿಲ್ಲದ ಶಿಫ್ಟ್‌ನಲ್ಲಿ ರಿಜೆಕ್ಷನ್ ಜಾಸ್ತಿ. ಒಬ್ಬ ಹುಡುಗ ನಾಲ್ಕು ವರ್ಷದಿಂದ ನಿಂತಿದ್ದಾನೆ. ನಿಮಗೆ ಬೇಕಾದ ಉತ್ತರದ ಮುಕ್ಕಾಲು ಪಾಲು ಈ ಮೂರು ಮಾತಿನಲ್ಲೇ ಇದೆ.

ಕೊನೆಯವನಿಂದ ಶುರು ಮಾಡೋಣ. ಅವನೂ ಈ ಕಾಲದ ಹುಡುಗನೇ ಅಲ್ವಾ? ಅವನ ಕೈಯಲ್ಲೂ ಫೋನ್ ಇದೆ. ಬೆಂಗಳೂರಿನ ರಾತ್ರಿ ಬಸ್ಸು ಎಷ್ಟು ಗಂಟೆಗೆ ಅಂತ ಅವನಿಗೂ ಗೊತ್ತು. ಆದರೂ ಯಾಕೆ ನಿಂತ? ನೀವು ಕೇಳಿದಂತೆ ಕಾಣುವುದಿಲ್ಲ. ನಾವು ಯಾವಾಗಲೂ ಬಿಟ್ಟು ಹೋಗುವವರನ್ನೇ ಹಿಡಿದು ಕೇಳುತ್ತೇವೆ. ಅವರು "ಮನೆಯಲ್ಲಿ ಸ್ವಲ್ಪ ತೊಂದರೆ ಸಾರ್" ಅಂತ ಒಂದು ಸುಳ್ಳು ಹೇಳಿ ಹೊರಡುತ್ತಾರೆ. ನಿಂತವನು ನಿಜ ಹೇಳುತ್ತಾನೆ. ಈ ವಾರವೇ ಅವನನ್ನು ಕೇಳಿ. ಆಫೀಸಿಗೆ ಕರೆಸಬೇಡಿ, ಏನೋ ತಪ್ಪಾಗಿದೆ ಅಂದುಕೊಳ್ಳುತ್ತಾನೆ. ಗೇಟಿನ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿ. ನಾನು ಹೀಗೆ ಕೇಳಿಸಿದ ಕಡೆಯಲ್ಲೆಲ್ಲ ಸಂಬಳದ ಮಾತು ಮೊದಲು ಬಂದದ್ದು ಕಡಿಮೆ. "ಬಂದ ಹೊಸತರಲ್ಲಿ ಇಂಥ ಅಣ್ಣ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು" ಅನ್ನುವ ಮಾತೇ ಜಾಸ್ತಿ ಬಂದಿದೆ.

ಇನ್ನು "ಈ ಕಾಲದ ಹುಡುಗರು" ಅನ್ನುವ ವಿಷಯ. 1981ರಿಂದ 1996ರೊಳಗೆ ಹುಟ್ಟಿದವರು ಮಿಲೆನಿಯಲ್, 1997ರಿಂದ ಈಚೆಗೆ ಹುಟ್ಟಿದವರು ಜೆನ್ ಝೀ ಅಂತ ಅಮೆರಿಕದ ಸಮೀಕ್ಷೆಯವರು ಗೆರೆ ಎಳೆದಿದ್ದಾರೆ. ಆ ಗೆರೆ ಇಟ್ಟುಕೊಂಡು ತರಬೇತಿ ಮಾರುವವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಆದರೆ ಕೆಲಸದ ತೃಪ್ತಿ, ಸಂಸ್ಥೆಯ ಮೇಲಿನ ನಿಷ್ಠೆ, ಬಿಟ್ಟು ಹೋಗುವ ಮನಸ್ಸು ಇವುಗಳ ಬಗ್ಗೆ ಆವರೆಗೆ ನಡೆದಿದ್ದ ಅಧ್ಯಯನಗಳನ್ನು 2012ರಲ್ಲಿ ಕೆಲವು ಸಂಶೋಧಕರು ಒಟ್ಟು ಹಾಕಿ ನೋಡಿದರು. ಪೀಳಿಗೆ ಪೀಳಿಗೆಗೆ ಕಂಡ ವ್ಯತ್ಯಾಸ ತೀರಾ ಸಣ್ಣದು, ಕೆಲವು ಕಡೆ ಇಲ್ಲವೇ ಇಲ್ಲ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿಯೂ ಕೆಲಸಗಾರರನ್ನು ಪೀಳಿಗೆಯ ಹೆಸರಿನಲ್ಲಿ ವಿಂಗಡಿಸಿ ನಡೆಸಿಕೊಳ್ಳುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತಲೇ ಹೇಳಿತು. ಇಪ್ಪತ್ತೆರಡರ ಹುಡುಗ ಇಪ್ಪತ್ತೆರಡರ ಹುಡುಗನ ಹಾಗೆ ಇರುತ್ತಾನೆ. ಆ ವಯಸ್ಸಿನಲ್ಲಿ ನೀವು ಹೇಗಿದ್ದಿರಿ ಅಂತ ನಿಮ್ಮ ತಾಯಿಯವರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳಿಯಾರು.

ಹಾಗಾದರೆ ಏನೂ ಬದಲಾಗಿಲ್ಲವಾ? ಬದಲಾಗಿದೆ. ಬಾಗಿಲು ಬದಲಾಗಿದೆ.

ನೀವು ಕೆಲಸಕ್ಕೆ ಸೇರಿದ ಕಾಲ ನೆನಪು ಮಾಡಿಕೊಳ್ಳಿ. ಮಾವನೋ ದೊಡ್ಡಪ್ಪನೋ ಯಾರ ಕೈಕಾಲೋ ಹಿಡಿದು ಕೆಲಸ ಕೊಡಿಸಿರುತ್ತಿದ್ದರು. ಬಿಟ್ಟು ಬಂದರೆ ಮಾವನಿಗೆ ಅವಮಾನ. ಊರಿಗೆ ಹೋದರೆ "ಯಾಕೆ ಬಂದೆ?" ಅಂತ ಹತ್ತು ಜನ ಕೇಳುತ್ತಿದ್ದರು. ಇನ್ನೊಂದು ಕೆಲಸ ಎಲ್ಲಿ ಖಾಲಿ ಇದೆ ಅಂತ ತಿಳಿಯುವ ದಾರಿಯೂ ಇರಲಿಲ್ಲ. ಮೇಸ್ತ್ರಿ ಬೈದರೂ ನಿಂತಿರಿ, ಹೊಡೆದರೂ ನಿಂತಿರಿ. ಅದನ್ನು ಈಗ ನಾವು ಶಿಸ್ತು ಅಂತ ಕರೆಯುತ್ತೇವೆ. ಅರ್ಧ ಶಿಸ್ತು ಇರಬಹುದು, ಉಳಿದರ್ಧ ಹೋಗಲು ಜಾಗ ಇಲ್ಲದ್ದು. ಈಗಿನ ಹುಡುಗನ ಐಟಿಐ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಪೀಣ್ಯದಲ್ಲಿ ಎಷ್ಟು ಕೊಡುತ್ತಾರೆ, ಹೊಸೂರಿನಲ್ಲಿ ಎಷ್ಟು, ಯಾವ ಕಂಪನಿಯ ಸೂಪರ್‌ವೈಸರ್ ಹೇಗೆ ಅನ್ನುವುದೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಬಂದಿರುತ್ತದೆ. ನಮ್ಮನ್ನು ಕಾಯುತ್ತಿದ್ದದ್ದು ಮುಚ್ಚಿದ ಬಾಗಿಲು, ಅವರ ಬಾಗಿಲು ತೆರೆದಿದೆ. ಹಿಂದೆ ಭಯ ಮಾಡುತ್ತಿದ್ದ ಕೆಲಸವನ್ನು ಈಗ ಯಜಮಾನ ತಾನೇ ಮಾಡಬೇಕಾಗಿದೆ. ಕಷ್ಟ ಅನ್ನಿಸುತ್ತಿರುವುದು ಅದಕ್ಕೇ.

ಎರಡನೇ ಶಿಫ್ಟ್‌ಗೆ ಬರುತ್ತೇನೆ. ನೀವು ಕೇಳಿದ "ಬಿಗಿಯಾ, ಸಲುಗೆಯಾ" ಅನ್ನುವ ಪ್ರಶ್ನೆಯನ್ನು ಬಹಳ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಐಯೋವಾದಲ್ಲಿ ಕರ್ಟ್ ಲೆವಿನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳನ್ನು ಮಾಡಿ ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಒಂದು ಬಗೆಯ ಮುಖಂಡ ಬರೀ ಅಪ್ಪಣೆ ಕೊಡುವವನು. ಇನ್ನೊಬ್ಬ ಹುಡುಗರ ಜೊತೆ ಮಾತಾಡಿ ತೀರ್ಮಾನ ಮಾಡುವವನು. ಮೂರನೆಯವನು ಏನಾದರೂ ಮಾಡಿಕೊಳ್ಳಿ ಅಂತ ಕೈಬಿಟ್ಟವನು. ಕೈಬಿಟ್ಟ ಗುಂಪಿನ ಕೆಲಸ ಎಲ್ಲಕ್ಕಿಂತ ಕಳಪೆ. ಸಲುಗೆ ಅಂದರೆ ನಿಮ್ಮ ಮನಸ್ಸಿನಲ್ಲಿ ಇದೇ ಇದ್ದರೆ ಅದನ್ನು ಮರೆತುಬಿಡಿ. ಅಪ್ಪಣೆಯ ಗುಂಪು ಮುಖಂಡ ಎದುರಿಗೆ ಇರುವಷ್ಟು ಹೊತ್ತು ಚೆನ್ನಾಗಿಯೇ ಕೆಲಸ ಮಾಡಿತು. ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಕೆಲಸ ಕುಸಿಯಿತು. ಮಾತಾಡಿ ತೀರ್ಮಾನ ಮಾಡಿದ ಗುಂಪಿನಲ್ಲಿ ಮುಖಂಡ ಹೊರಗೆ ಹೋದರೂ ಕೆಲಸ ಹೆಚ್ಚುಕಡಿಮೆ ಹಾಗೇ ನಡೆಯಿತು.

ನೀವು ಸಂಜೆ ಮನೆಗೆ ಹೊರಟ ಮೇಲೆ ನಿಮ್ಮ ಶಾಪಿನಲ್ಲಿ ಆಗುತ್ತಿರುವುದು ಇದೇ. ಎರಡನೇ ಶಿಫ್ಟ್‌ನ ಹುಡುಗರು ಬೇರೆ ಯಾರೋ ಅಲ್ಲ, ವಾರ ಬದಲಾದರೆ ಅವರೇ ಮೊದಲ ಶಿಫ್ಟ್‌ಗೆ ಬರುತ್ತಾರೆ. ನಿಮ್ಮ ಆಡಳಿತ ಹೇಗಿದೆ ಅಂತ ತಿಳಿಯಬೇಕಾದರೆ ಬೆಳಗಿನ ರಿಜೆಕ್ಷನ್ ಒಂದು ಕಡೆ, ರಾತ್ರಿಯ ರಿಜೆಕ್ಷನ್ ಇನ್ನೊಂದು ಕಡೆ ಬರೆದಿಡಿ. ಆ ಎರಡರ ಅಂತರ ಕಡಿಮೆಯಾಗುತ್ತಿದ್ದರೆ ನೀವು ಸರಿ ದಾರಿಯಲ್ಲಿ ಇದ್ದೀರಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಆಗ ನಾನು ಇಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಒಬ್ಬ ಅಪ್ರೆಂಟಿಸ್ ಹುಡುಗ ಡ್ರಿಲ್ ಮುರಿದ. ಎಲ್ಲರ ಎದುರಿಗೆ ಅವನಿಗೆ ಕಿವಿ ಕಿತ್ತುಹೋಗುವ ಹಾಗೆ ಬೈದೆ. ನಾಲ್ಕು ಜನ ನಕ್ಕರು, ನನಗೂ ಒಳಗೊಳಗೇ ಹಿತವಾಯಿತು. ಒಂದು ವಾರ ಆಗಿರಬೇಕು. ಅದೇ ಹುಡುಗ ಮಾಡುತ್ತಿದ್ದ ಪಾರ್ಟ್‌ನಲ್ಲಿ ಬೋರ್, ಅಂದರೆ ಒಳಗಿನ ತೂತು, ದೊಡ್ಡದಾಗುತ್ತಾ ಹೋಯಿತು. ಅವನು ಅಳತೆ ನೋಡಿದ್ದಾನೆ. ಗೊತ್ತಾಗಿದೆ. ಸುಮ್ನೆ ಇದ್ದ. ಮಾಲು ಕಸ್ಟಮರ್ ಹತ್ತಿರ ಹೋಗಿ ಇಡೀ ಲಾಟ್ ವಾಪಸ್ ಬಂತು. "ಯಾಕೋ ಹೇಳಲಿಲ್ಲ?" ಅಂದೆ. "ನೀವು ಬೈತೀರ ಅಂತ ಸಾರ್" ಅಂದ. ಮುರಿದ ಡ್ರಿಲ್ಲಿನ ಬೆಲೆ ಎಷ್ಟು, ವಾಪಸ್ ಬಂದ ಲಾಟಿನ ಬೆಲೆ ಎಷ್ಟು ಅಂತ ಆ ರಾತ್ರಿ ಲೆಕ್ಕ ಹಾಕಿದೆ. ನಿದ್ದೆ ಬರಲಿಲ್ಲ.

ಆಮೇಲೆ ಎಷ್ಟೋ ವರ್ಷಕ್ಕೆ ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಅವರ ಕೆಲಸ ಓದಿದೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೋದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಸಿಕ್ಕಿದ ಲೆಕ್ಕ ತಲೆಕೆಳಗು, ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಸರಿಯಾಗಿ ನೋಡಿದರೆ ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಭಯ ಇರುವ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಶಾಪಿನಲ್ಲಿ ಒಂದು ತಿಂಗಳು ಯಾರೂ ಬಂದು "ಸಾರ್, ನನ್ನಿಂದ ತಪ್ಪಾಯ್ತು" ಅನ್ನಲಿಲ್ಲ ಅಂದರೆ ಖುಷಿ ಪಡಬೇಡಿ. ಕೆಂಪು ಬಣ್ಣದ ರಿಜೆಕ್ಷನ್ ಬಿನ್ನಿಗೆ ತಾನಾಗಿ ತಂದು ಹಾಕಿದ ಪೀಸಿಗೆ ಆ ಹುಡುಗನನ್ನು ಬೈಯಬಾರದು, ಮುಚ್ಚಿಟ್ಟು ಸಿಕ್ಕಿಬಿದ್ದ ಪೀಸಿಗೆ ಬಿಡಬಾರದು. ಈ ಎರಡು ಸಾಲನ್ನು ಗೋಡೆಗೆ ಬರೆಸಿ, ನೀವೂ ಪಾಲಿಸಿ.

ಈಗ ಆ ಮೂರು ತಿಂಗಳು. ನಿಮ್ಮ ಕಷ್ಟದ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ.

ಹೊಸ ಹುಡುಗ ಬಂದ ಮೊದಲ ದಿನ ನಿಮ್ಮಲ್ಲಿ ಏನಾಗುತ್ತದೆ? ನಾನು ನೋಡಿದ ಸಣ್ಣ ಶಾಪ್‌ಗಳಲ್ಲಿ ಆಗುವುದು ಹೀಗೆ. ಬೆಳಗ್ಗೆ ಬರುತ್ತಾನೆ, ಆಧಾರ್ ಜೆರಾಕ್ಸ್ ಕೊಡುತ್ತಾನೆ, ಫೋರ್‌ಮನ್ ಕೈತೋರಿಸಿ "ಆ ಮಷಿನ್ ಹತ್ತಿರ ನಿಂತ್ಕೋ, ನೋಡ್ತಾ ಇರು" ಅನ್ನುತ್ತಾರೆ. ನೋಡುತ್ತಾ ನಿಲ್ಲುತ್ತಾನೆ. ಆಪರೇಟರ್‌ಗೆ ಟಾರ್ಗೆಟ್ ಇರುತ್ತದೆ, ಹೇಳಿಕೊಡಲು ಪುರುಸೊತ್ತಿಲ್ಲ. ಹದಿನೈದು ದಿನ ಲೋಹದ ಚೂರು (ಚಿಪ್ಸ್) ಗುಡಿಸುತ್ತಾನೆ, ಕ್ಯಾಸ್ಟಿಂಗ್ ಎತ್ತಿ ಕೊಡುತ್ತಾನೆ. ಹದಿನಾರನೇ ದಿನ ಯಾರೋ ರಜೆ, ಇವನನ್ನು ಮಷಿನ್‌ಗೆ ಹಾಕುತ್ತಾರೆ. ತಪ್ಪು ಮಾಡುತ್ತಾನೆ, ಬೈಸಿಕೊಳ್ಳುತ್ತಾನೆ. ರಾತ್ರಿ ರೂಮಿನಲ್ಲಿ ಗ್ರೂಪ್ ತೆರೆದು ನೋಡುತ್ತಾನೆ.

1969ರಲ್ಲಿ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಅನ್ನುವ ಇಬ್ಬರು ಒಂದು ಸರಳ ವಿಚಾರ ಮುಂದಿಟ್ಟರು. ಎಲ್ಲರಿಗೂ, ಎಲ್ಲ ಕಾಲಕ್ಕೂ ಒಪ್ಪುವ ಒಂದೇ ಬಗೆಯ ಮುಖಂಡತನ ಇಲ್ಲ, ಎದುರಿಗಿರುವವನು ಆ ಕೆಲಸದಲ್ಲಿ ಎಷ್ಟು ಪಳಗಿದ್ದಾನೆ ಅನ್ನುವುದನ್ನು ನೋಡಿ ನಮ್ಮ ರೀತಿ ಬದಲಾಗಬೇಕು ಅಂತ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ಅಡಿಕೆ ಸಸಿಗೆ ಬಾಳೆಯ ನೆರಳು ಕೊಡುತ್ತೀರಿ, ಫಸಲು ಬಿಡುವ ಮರಕ್ಕೆ ಕೊಡುತ್ತೀರಾ?

ಶಾಪಿನ ಲೆಕ್ಕದಲ್ಲಿ ಹೇಳುತ್ತೇನೆ. ಮೊದಲ ಎರಡು ಮೂರು ವಾರ ಹುಡುಗನ ಅಭಿಪ್ರಾಯ ಕೇಳಬೇಡಿ. ಹೌದು, ಕೇಳಬೇಡಿ. ಟೂಲ್ ಆಫ್‌ಸೆಟ್, ಅಂದರೆ ಟೂಲ್ ಎಲ್ಲಿಯವರೆಗೆ ಹೋಗಬೇಕು ಅನ್ನುವ ಅಳತೆ, ಹಾಕುವಾಗ ದಶಮಾಂಶದ ಒಂದು ಚುಕ್ಕೆ ತಪ್ಪಿದರೆ 0.5 ಹೋಗಿ 5 ಮಿಲಿಮೀಟರ್ ಆಗುತ್ತದೆ, ಟೂಲ್ ಹೋಗಿ ಪಾರ್ಟ್ ಹಿಡಿದಿರುವ ಚಕ್ಕಿಗೆ ಬಡಿಯುತ್ತದೆ. ಅಲ್ಲಿ "ನಿನಗೇನು ಅನ್ನಿಸುತ್ತೆ?" ಅಂತ ಕೇಳುವುದು ಹುಡುಗನಿಗೆ ಮಾಡುವ ಅನ್ಯಾಯ. ಒಬ್ಬನೇ ಒಬ್ಬ ಗುರುವಿಗೆ ಅವನನ್ನು ಒಪ್ಪಿಸಿ. ಗುರುವಿಗೆ ಆ ವಾರಗಳಲ್ಲಿ ಟಾರ್ಗೆಟ್ ಇಳಿಸಿ, ಇಲ್ಲದಿದ್ದರೆ ಅವನು ಹೇಳಿಕೊಡುವುದಿಲ್ಲ. ಮೊದಲ ಪೀಸನ್ನು ಸಿಂಗಲ್ ಬ್ಲಾಕ್‌ನಲ್ಲಿ ಪ್ರೋಗ್ರಾಮಿನ ಒಂದೊಂದೇ ಸಾಲು ಓಡಿಸಿ ತೋರಿಸಲಿ. ಗುರು ಮಾಡಿದ್ದನ್ನು ಹುಡುಗ ಬಾಯಲ್ಲಿ ಹೇಳಲಿ, ಆಮೇಲೆ ಕೈಯಲ್ಲಿ ಮಾಡಲಿ. ಮೊದಲ ವಾರದ ಕೊನೆಗೆ ಅವನ ಕೈಯಿಂದ ಒಂದು ಒಳ್ಳೆಯ ಪೀಸ್ ಹೊರಗೆ ಬರಲೇಬೇಕು, ಗುರು ಪಕ್ಕದಲ್ಲಿ ನಿಂತೇ ಮಾಡಿಸಿದರೂ ಪರವಾಗಿಲ್ಲ. "ನಾನು ಮಾಡಿದ್ದು" ಅಂತ ಅವನು ರೂಮಿಗೆ ಹೋಗಿ ಹೇಳಬೇಕು.

ಎರಡನೇ ತಿಂಗಳಿಗೆ ಅಪ್ಪಣೆ ಸಾಕಾಗುವುದಿಲ್ಲ, ಕಾರಣ ಬೇಕು. "ಯಾಕೆ ಸಾರ್?" ಶುರುವಾಗುವುದು ಆಗಲೇ. ಅದನ್ನು ನೀವು ಎದುರುತ್ತರ ಅಂದುಕೊಂಡಿದ್ದೀರಿ. ನನಗೆ ಅದು ಹುಡುಗನಿಗೆ ಕೆಲಸ ಹಿಡಿಸುತ್ತಿದೆ ಅನ್ನುವ ಸುದ್ದಿ. ಪ್ರತಿ ಹತ್ತು ಪೀಸಿಗೆ ಒಮ್ಮೆ ಬೋರ್ ಗೇಜ್ ಹಾಕಿ ಅಳೆಯುವುದು ಯಾಕೆ? ಟೂಲಿನ ಕತ್ತರಿಸುವ ತುದಿಯಾದ ಇನ್ಸರ್ಟ್ ಸವೆಯುತ್ತದೆ, ಸವೆದಂತೆ ಬೋರ್ ಸಣ್ಣದಾಗುತ್ತಾ ಹೋಗುತ್ತದೆ, ಹನ್ನೊಂದನೆಯದರಲ್ಲಿ ಸಿಕ್ಕಿದರೆ ಹತ್ತು ಪೀಸ್ ಮಾತ್ರ ನೋಡಬೇಕು, ನೂರರಲ್ಲಿ ಸಿಕ್ಕಿದರೆ ನೂರನ್ನೂ ನೋಡಬೇಕು. ಹೇಳಲು ಎರಡು ನಿಮಿಷ. ಕಾರಣ ಗೊತ್ತಿದ್ದವನು ನೀವಿಲ್ಲದ ರಾತ್ರಿಯೂ ಗೇಜ್ ಹಾಕುತ್ತಾನೆ. ಇನ್ನೊಂದು ಸಣ್ಣ ಕೆಲಸ ಮಾಡಿ. ನೀವು ಮಾಡುವ ಪಾರ್ಟ್ ಯಾವ ಗಾಡಿಯ ಯಾವ ಜಾಗಕ್ಕೆ ಹೋಗುತ್ತದೆ ಅನ್ನುವ ಚಿತ್ರವನ್ನು ಮಷಿನ್ ಪಕ್ಕ ಅಂಟಿಸಿ. ವರ್ಷಗಟ್ಟಲೆ ಒಂದೇ ಪಾರ್ಟ್ ಮಾಡಿ ಅದು ಯಾವುದಕ್ಕೆ ಅಂತ ಗೊತ್ತಿಲ್ಲದ ಆಪರೇಟರ್‌ಗಳನ್ನು ನಾನು ನೋಡಿದ್ದೇನೆ.

ಆರು ತಿಂಗಳ ನಂತರ ಹುಡುಗನಿಗೆ ಏನು ತೋಚುತ್ತದೆ ಅಂತ ಕೇಳಲು ಶುರು ಮಾಡಿ. ವರ್ಷ ದಾಟಿದವನಿಗೆ ಮಷಿನ್ ಒಪ್ಪಿಸಿ ನೀವು ದೂರ ನಿಲ್ಲಿ. ಬಿಗಿ, ಸಲುಗೆ ಎರಡೂ ಬೇಕು, ಆದರೆ ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ ಅನ್ನುವುದು ಮುಖ್ಯ. ಅದೇ ಹುಡುಗ ಆಫ್‌ಸೆಟ್‌ನಲ್ಲಿ ಎಳೆ ಸಸಿ, ಫೋನಿನಲ್ಲಿ ನಿಮಗಿಂತ ಬಲಿತ ಮರ. ರೀಲ್ಸ್ ಮಾಡಿದನಲ್ಲ, ಅವನನ್ನು ಬೈದಿರಿ ಅನ್ನಿಸುತ್ತೆ. ಕಸ್ಟಮರ್ ಡ್ರಾಯಿಂಗ್ ವಿಡಿಯೋದಲ್ಲಿ ಕಾಣಬಾರದು, ಓಡುವ ಮಷಿನ್ ಮುಂದೆ ಫೋನ್ ಹಿಡಿಯಬಾರದು ಅನ್ನುವುದು ಸರಿ. ಈಗ ಅವನಿಗೇ ಒಂದು ಕೆಲಸ ಕೊಡಿ, ಮಷಿನ್ ನಿಲ್ಲಿಸಿ, ಚಕ್ಕಿನ ಹಿಡಿಯುವ ಹಲ್ಲು (ಜಾ) ಬದಲಾಯಿಸುವುದು ಹೇಗೆ, ಇನ್ಸರ್ಟ್ ಹಾಕುವುದು ಹೇಗೆ ಅಂತ ನಮ್ಮ ಕನ್ನಡದಲ್ಲಿ ಎರಡೆರಡು ನಿಮಿಷದ ವಿಡಿಯೋ ಮಾಡಲಿ. ಮುಂದೆ ಬರುವ ಹುಡುಗರಿಗೆ ಪಾಠ ಆಗುತ್ತದೆ.

ಬೈಯುವುದರ ಬಗ್ಗೆ. ತಪ್ಪನ್ನು ಹೇಳಲೇಬೇಕು. 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಅನ್ನುವವರು ತಪ್ಪು ಒಪ್ಪು ಹೇಳುವುದರಿಂದ ಕೆಲಸ ಎಷ್ಟು ಸುಧಾರಿಸುತ್ತದೆ ಅನ್ನುವ ನೂರಾರು ಫಲಿತಾಂಶಗಳನ್ನು ಕೂಡಿಸಿ ನೋಡಿದರು. ಒಟ್ಟಾರೆ ಲಾಭವೇ. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಕೆಲಸ ಇನ್ನೂ ಹಾಳಾಗಿತ್ತು. ಮಾತು ಕೆಲಸದ ಮೇಲಿಂದ ಜಾರಿ ಮನುಷ್ಯನ ಮೇಲೆ ಹೋದಷ್ಟೂ ಫಲ ಕೆಡುತ್ತದೆ ಅನ್ನುವುದು ಅವರ ವಿವರಣೆ. "ಈ ಬೋರ್ 20 ಮೈಕ್ರಾನ್ ಜಾಸ್ತಿ ಇದೆ, ಯಾವ ಪೀಸಿನಿಂದ ಶುರುವಾಯ್ತು ನೋಡೋಣ ಬಾ" ಅಂದರೆ ಕೆಲಸದ ಮಾತು. "ನಿನ್ನಂಥವನಿಗೆ ಅನ್ನ ಹಾಕೋದೇ ದಂಡ" ಅಂದರೆ ಮನುಷ್ಯನ ಮಾತು. ಮೊದಲನೆಯದನ್ನು ಎಷ್ಟು ಬಿಗಿಯಾಗಿ ಬೇಕಾದರೂ ಹೇಳಿ. ಎರಡನೆಯದನ್ನು ನಗುತ್ತಾ ಹೇಳಿದರೂ ಕೆಡುತ್ತದೆ.

ಒಂದು ಜಾಗದಲ್ಲಿ ಮಾತ್ರ ಚರ್ಚೆ, ಕಾರಣ, ನಗು ಯಾವುದೂ ಬೇಡ. ಸುರಕ್ಷತೆ. ಲೇತ್ ಓಡುತ್ತಿರುವಾಗ ಕೈಗವಸು ಹಾಕಿಕೊಂಡಿದ್ದರೆ, ಉಂಗುರ ಇದ್ದರೆ, ತೋಳು ಸಡಿಲ ಇದ್ದರೆ ಅಲ್ಲೇ ಮಷಿನ್ ನಿಲ್ಲಿಸಿ. ಕೈಗವಸು ಕೈಯನ್ನು ಕಾಯುತ್ತದೆ ಅಂತ ಹೊಸಬರು ಅಂದುಕೊಂಡಿರುತ್ತಾರೆ, ತಿರುಗುವ ಚಕ್ಕಿನ ಹತ್ತಿರ ಅದೇ ಕೈಯನ್ನು ಎಳೆದುಕೊಳ್ಳುತ್ತದೆ. ಮೊದಲು ನಿಲ್ಲಿಸಿ, ವಿವರಣೆ ಆಮೇಲೆ. ಫೋನ್ ನಿಯಮವನ್ನೂ ಇದರ ಜೊತೆಗೇ ಸೇರಿಸಿ. ಫ್ಲೋರಿಗೆ ಫೋನ್ ಇಲ್ಲ, ಲಾಕರ್‌ನಲ್ಲಿ ಇರಲಿ, ಟೀ ಹೊತ್ತಿಗೆ ಊಟದ ಹೊತ್ತಿಗೆ ನೋಡಲಿ, ಮನೆಯವರಿಗೆ ಆಫೀಸಿನ ನಂಬರ್ ಕೊಟ್ಟಿರಲಿ. ನಿಮ್ಮ ಫೋನೂ ಫ್ಲೋರಿಗೆ ಬರಬಾರದು. ಅಲ್ಲೇ ಎಲ್ಲರೂ ಸೋಲುವುದು.

ರಜೆ. ಬೆಳಗ್ಗೆ ಆರಕ್ಕೆ ಮೆಸೇಜ್ ಬರುತ್ತದೆ ಅಂದರೆ ಹಿಂದಿನ ದಿನ ಕೇಳಿದರೆ ಕೊಡುವುದಿಲ್ಲ ಅಂತ ಅವರು ತೀರ್ಮಾನಿಸಿದ್ದಾರೆ ಅಂತಲೂ ಇರಬಹುದು. ನಿಮ್ಮ ಹುಡುಗರ ಊರಿನ ಕ್ಯಾಲೆಂಡರ್ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನವೆಂಬರ್‌ನಿಂದ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು. ನಾಲ್ಕು ಮರ ಇದ್ದವನ ಮನೆಯಲ್ಲೂ ಆಳು ಸಿಗುವುದಿಲ್ಲ, ಮಗ ಹೋಗಲೇಬೇಕು. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆ ತಂಡದಲ್ಲಿ ಹಾಡುವ ಹುಡುಗ ಮೂರು ರಾತ್ರಿ ಊರಲ್ಲೇ. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ, ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಆಗುಂಬೆ ಕಡೆಯ ಬಸ್ಸಿನ ಭರವಸೆ ಇಲ್ಲ, ಮರ ಬಿದ್ದರೆ ಮುಗಿಯಿತು. ಇದರಲ್ಲಿ ಯಾವುದು ಅನಿರೀಕ್ಷಿತ? ತುಂಗಾ ಹೊಳೆಯ ಕೋರ್ಪಲಯ್ಯನ ಮಂಟಪ ಮುಳುಗುವುದನ್ನು ನೋಡಲು ನೀವೂ ಶಾಪ್ ಬಿಟ್ಟು ಹೊಳೆಗೆ ಹೋಗಿರುತ್ತೀರಿ, ಇರಲಿ. ಗೋಡೆಗೆ ದೊಡ್ಡ ಕ್ಯಾಲೆಂಡರ್ ಹಾಕಿ. ಕೊಯ್ಲಿನ ರಜೆ ಯಾರಿಗೆ ಯಾವ ವಾರ ಅಂತ ಅಕ್ಟೋಬರ್‌ನಲ್ಲೇ ಹುಡುಗರೇ ಕೂತು ಹಂಚಿಕೊಳ್ಳಲಿ. ಒಂದು ಮಷಿನ್‌ಗೆ ಒಬ್ಬರಾದರೂ ಇರಬೇಕು ಅನ್ನುವ ಷರತ್ತು ಮಾತ್ರ ನಿಮ್ಮದು. ತಾವೇ ಹಂಚಿಕೊಂಡಿದ್ದನ್ನು ತಾವೇ ಕಾಯುತ್ತಾರೆ, ತಪ್ಪಿಸಿದವನನ್ನು ನೀವು ಬೈಯಬೇಕಾಗುವುದಿಲ್ಲ, ಅವನ ಜೊತೆಯವರೇ ಬೈಯುತ್ತಾರೆ.

ದುಡ್ಡಿನ ಮಾತು ಚುಟುಕಾಗಿ. ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ, ಓಟಿಗೆ (ಹೆಚ್ಚುವರಿ ಗಂಟೆಗಳಿಗೆ) ಎರಡರಷ್ಟು, 23 ಜನ ಇರುವ ಕಡೆ ಪಿಎಫ್ ಮತ್ತು ಇಎಸ್‌ಐ. ಇದೆಲ್ಲ ಕಾನೂನು, ಉಪಕಾರ ಅಲ್ಲ. ಇದರಲ್ಲಿ ಕೊರತೆ ಇದ್ದರೆ ನಾನು ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ. ಬೆಂಗಳೂರಿಗೆ ಮೂರು ಸಾವಿರ ಜಾಸ್ತಿಗೆ ಹೊರಟವನ ಜೊತೆ ಕೂತು ಪಿಜಿ ಬಾಡಿಗೆ, ಊಟ, ತಿಂಗಳಿಗೆರಡು ಸಲ ಊರಿಗೆ ಬರುವ ಬಸ್ ಚಾರ್ಜು ಹಾಳೆಯ ಮೇಲೆ ಬರೆದು ನೋಡಿ. ಎಷ್ಟೋ ಸಲ ಉಳಿತಾಯ ಇಲ್ಲೇ ಜಾಸ್ತಿ. ಆದರೂ ಅವನು ಹೋದರೆ ಅಲ್ಲಿ ಅವನಿಗೆ ಕಾಣುತ್ತಿರುವುದು ಬೇರೆ. ಅಲ್ಲಿ ಆಪರೇಟರ್ ಆದಮೇಲೆ ಮಷಿನ್ ಸಜ್ಜು ಮಾಡುವ ಸೆಟ್ಟರ್, ಆಮೇಲೆ ಪ್ರೋಗ್ರಾಮರ್ ಅಂತ ಮೆಟ್ಟಿಲು ಕಾಣುತ್ತದೆ. ನಿಮ್ಮಲ್ಲಿ ಮೆಟ್ಟಿಲು ಇಲ್ಲ ಅಂತಲ್ಲ, ಅದು ನಿಮ್ಮ ತಲೆಯಲ್ಲಿದೆ. ಗೋಡೆಯ ಮೇಲೆ ಬರಲಿ. ಯಾವ ಕೆಲಸ ಕಲಿತರೆ ಯಾವ ಹೆಸರು, ಎಷ್ಟು ಸಂಬಳ, ಯಾರು ಪರೀಕ್ಷೆ ಮಾಡುತ್ತಾರೆ. ಹೋಗುವವನು ಹೋಗಲಿ, ಕೊನೆಯ ದಿನದ ಲೆಕ್ಕ ಚುಕ್ತಾ ಮಾಡಿ ಟೀ ಕುಡಿಸಿ ಕಳಿಸಿ. ಅಪ್ಪನಿಗೆ ವಯಸ್ಸಾಗಿ ತೋಟ ನೋಡಲು ಮಲೆನಾಡಿಗೆ ತಿರುಗಿ ಬರುವ ಹುಡುಗರು ಬಹಳ ಜನ. ಬಂದವನು ಮೊದಲು ಯಾರ ಗೇಟಿಗೆ ಬರುತ್ತಾನೆ ಅನ್ನುವುದು ಆ ಟೀಯಲ್ಲಿ ತೀರ್ಮಾನ ಆಗಿರುತ್ತದೆ.

ಕೊನೆಗೆ ನಿಮ್ಮ ಫೋರ್‌ಮನ್. ಇದನ್ನು ಕೊನೆಗೆ ಇಟ್ಟದ್ದು ಇದು ಕಷ್ಟದ್ದು ಅಂತ. ಹುಡುಗರಿಗೆ ಕಂಪನಿ ಅಂದರೆ ನೀವಲ್ಲ, ಅವರು. ನೀವು ಏನು ಬದಲಾಯಿಸಿದರೂ ಅವರು ಒಪ್ಪದಿದ್ದರೆ ಅದು ನಿಮ್ಮ ಕ್ಯಾಬಿನ್ ಬಾಗಿಲು ದಾಟುವುದಿಲ್ಲ. ಅವರನ್ನು ಹುಡುಗರ ಎದುರು ತಿದ್ದಲು ಹೋಗಬೇಡಿ. ಹುಡುಗರಿಗೆ ಯಾವುದು ಮಾಡಬಾರದು ಅಂತ ಇಷ್ಟು ಹೊತ್ತು ಹೇಳಿದೆನೋ ಅದನ್ನು ಅವರಿಗೂ ಮಾಡಬಾರದು. ಅವರ ಭಯವನ್ನು ಅರ್ಥ ಮಾಡಿಕೊಳ್ಳಿ. ಅವರು ಕೈಯಲ್ಲೇ ನಡೆಸುವ ಲೇತ್‌ನಲ್ಲಿ ಬೆಳೆದವರು. ಈ ಹುಡುಗರು ಬಂದ ಆರು ತಿಂಗಳಿಗೆ ಮಷಿನ್ನಿನ ಕಂಪ್ಯೂಟರ್ ಪ್ರೋಗ್ರಾಮ್ ಓದುತ್ತಾರೆ. ಬಾಯಿ ಜೋರಾಗುವುದು ಎಷ್ಟೋ ಸಲ ಇಂಥ ಜಾಗದಲ್ಲೇ.

ಅವರನ್ನು ಗುರು ಮಾಡಿ. ಬಾಯಿಮಾತಿಗೆ ಅಲ್ಲ, ಹೆಸರು, ಹಣ ಎರಡರಲ್ಲೂ. ಅವರ ಕೈಕೆಳಗೆ ಬಂದ ಹುಡುಗ ಮೂರು ತಿಂಗಳು ದಾಟಿದರೆ ಅವರಿಗೆ ಇಷ್ಟು ಅಂತ ಕೊಡಿ, ವರ್ಷ ದಾಟಿದರೆ ಇನ್ನೂ ಇಷ್ಟು. ಸದ್ದು ಕೇಳಿಯೇ ಟೂಲ್ ಸವೆದಿದೆ ಅಂತ ಹೇಳುವ ಕಿವಿ ಅವರಿಗೆ ಇರುತ್ತದೆ, ಅದು ಯಾವ ಐಟಿಐಯಲ್ಲೂ ಸಿಗುವುದಿಲ್ಲ. ಆಯುಧ ಪೂಜೆಯ ದಿನ ಪ್ರತಿ ವರ್ಷ ನೀವು ಮಾತಾಡುತ್ತೀರಲ್ಲ, ಈ ಸಲ ಆ ಮಾತನ್ನು ಅವರಿಂದ ಹುಡುಗರಿಗೆ ಹೇಳಿಸಿ. ಒಂದೇ ಒಂದು ಷರತ್ತು ಹಾಕಿ, ತಾಯಿ ತಂದೆಯ ಮೇಲೆ, ಊರಿನ ಮೇಲೆ, ಜಾತಿಯ ಮೇಲೆ ಬೈಗುಳ ಬರಬಾರದು. ಉಳಿದದ್ದಕ್ಕೆ ಆರು ತಿಂಗಳು ಸಮಯ ಕೊಡಿ. ಅಷ್ಟು ವರ್ಷದ ನಾಲಿಗೆ ಒಂದು ವಾರದಲ್ಲಿ ತಿರುಗುವುದಿಲ್ಲ.

ಮತ್ತೆ, ಈ ಉತ್ತರವನ್ನು ಅವರಿಗೆ ವಾಟ್ಸಾಪ್ ಮಾಡಬೇಡಿ. ಭಾನುವಾರ ಅವರ ಮನೆಗೆ ಹೋಗಿ, ಕೂತು ಹೇಳಿ.